ಕಾಫಿ ಮಿಷನ್ನಿನ ಹಲ್ಲು

ಅತ್ತೆಗೆ,

ನಿಮ್ಮ ಸೊಸೆ ಸರೋಜಳ ನಮಸ್ಕಾರ. ನೀವು ಹೋಗಿ ನಾಲ್ಕು ವರ್ಷದ ಮೇಲಾಯಿತು. ಈಗ ಕುಳಿತು ಕ್ಷೇಮ ವಿಚಾರಿಸಿದರೆ ನಗುತ್ತೀರಿ. ನಗುವುದಕ್ಕೂ ಮೊದಲು 'ಇವಳಿಗೆ ಈಗ್ಯಾಕೆ ನನ್ನ ನೆನಪಾಯಿತು, ಏನೋ ಇದೆ' ಎಂದು ಅನುಮಾನ ಪಡುತ್ತೀರಿ. ಏನೋ ಇದೆ, ಸರಿಯೇ. ನಿಮ್ಮ ಕಾಫಿ ಮಿಷನ್ನಿನ ವಿಷಯ. ನಿಮಗೆ ಒಂದು ಸುಳ್ಳು ಹೇಳಿದ್ದೆ, ಅದನ್ನು ನಿಮ್ಮ ಮುಂದೆ ಬಿಚ್ಚಬೇಕಾಗಿದೆ. ಆದರೆ ಒಮ್ಮೆಗೇ ಹೇಳಲು ಬಾಯಿ ಬರುತ್ತಿಲ್ಲ, ಸ್ವಲ್ಪ ಸುತ್ತಿ ಬರುತ್ತೇನೆ.

ನಾನು ಮದುವೆಯಾಗಿ ಬಂದ ಮೊದಲ ವಾರ ನೆನಪಿದೆಯೇ? ಅಡುಗೆಮನೆಯ ಮರದ ಬೆಂಚಿನ ಅಂಚಿಗೆ ಆ ಕಬ್ಬಿಣದ ಮಿಷನ್ ಕಚ್ಚಿಕೊಂಡು ಕೂತಿತ್ತು. ಮೇಲೆ ಬಟ್ಟಲು, ಪಕ್ಕದಲ್ಲಿ ಹಿಡಿ, ಒಳಗೆ ಎದುರುಬದುರು ಹಲ್ಲಿರುವ ಎರಡು ಬಿಲ್ಲೆ, ಹಿಂದೆ ಪುಡಿ ಸಣ್ಣ ದಪ್ಪ ಮಾಡುವ ಸ್ಕ್ರೂ. ನಾನು ಸುಮ್ಮನೆ ಕೈಯಿಟ್ಟೆ, ಅಷ್ಟೇ. "ಇಡಿ ಎಷ್ಟ್ ಬೇಕಾದ್ರೂ ತಿರುಗ್ಸು. ಸ್ಕ್ರೂ ಮಾತ್ರ ಮುಟ್ಬೇಡ ಕಣೇ, ಅದು ನಂದು" ಅಂದಿರಿ. ಉರಿಗಾಂನ ಚಿನ್ನದ ಗಣಿ ಲೈನ್ ಮನೆಯಲ್ಲಿ ಹುಟ್ಟಿದವರು ನೀವು, ಪಕ್ಕದ ಮನೆಯ ತಮಿಳು ಹೆಂಗಸರ ಕೈಯಲ್ಲಿ ಕಾಫಿ ಕಲಿತವರು. ಕ್ಯಾಸಂಬಳ್ಳಿ ಕಡೆಯ ನಮ್ಮೂರಿನಲ್ಲಿ ಆಗ ಕಾಫಿಯೆಂದರೆ ಬೆಲ್ಲದ ನೀರಿಗೆ ಪೊಟ್ಟಣದ ಪುಡಿ. ಆ ಪುಡಿಯಲ್ಲಿ ಹುಣಸೆಬೀಜ ಹುರಿದು ಸೇರಿಸುತ್ತಾರೆಂದು ನಿಮಗೆ ಗಟ್ಟಿ ನಂಬಿಕೆ. ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಹಸಿ ಬೀಜ ಕೊಳ್ಳುವಾಗಲೂ ಒಂದನ್ನು ಕಡಿದು ನೋಡಿ, ಅಂಗಡಿಯವನ ಮುಖ ನೋಡಿ, ಇನ್ನೊಂದನ್ನು ಕಡಿಯುತ್ತಿದ್ದಿರಿ. ಮನೆಗೆ ತಂದು ಬಾಣಲೆಯಲ್ಲಿ ನೀವೇ ಹುರಿಯಬೇಕು, ನಿಮ್ಮ ಕಣ್ಣೆದುರೇ ಅರೆಯಬೇಕು. ಅನುಮಾನದಿಂದಲೇ ಅಷ್ಟು ರುಚಿಯಾದ ಕಾಫಿ ಮಾಡುವವರನ್ನು ನಾನು ಬೇರೆಲ್ಲೂ ನೋಡಲಿಲ್ಲ.

ಬಂಗಾರಪೇಟೆಯ ಡಾಕ್ಟರು ಬಿ.ಪಿ. ನೋಡಲು ನಿಮ್ಮ ತೋಳಿಗೆ ಎರಡು ಸಲ ಪಟ್ಟಿ ಕಟ್ಟಿದ ದಿನ ನೆನಪಿದೆಯೇ? ಕಾಫಿ ಪೂರ್ತಿ ಬಿಡಬೇಕು ಅಂದರು. ನೀವು ತಲೆಯಾಡಿಸಿದಿರಿ. ಬಸ್ಸು ಹತ್ತಿದ ಮೇಲೆ ನನ್ನ ಕಿವಿಗೆ ಬಾಯಿಟ್ಟು, "ಆ ಡಾಕ್ಟ್ರು ಟೀ ಕುಡಿಯೋನು ಕಣೇ, ಮೊಕ ನೋಡಿದ್ರೇನೆ ಗೊತ್ತಾಯ್ತದೆ" ಅಂದಿರಿ. ಮಾರನೇ ದಿನ ಎಂದಿನಂತೆ ಮೂರು ಲೋಟ. ನಿಮ್ಮ ಮಗ ಬೇಡಿಕೊಂಡರು, ಕೂಗಾಡಿದರು, ಒಂದು ದಿನ ಊಟ ಬಿಟ್ಟರು. ನೀವು ಜಗ್ಗಲಿಲ್ಲ. ಆಮೇಲೆ ನಾವು ಗಂಡ ಹೆಂಡತಿ ಹಿತ್ತಿಲಲ್ಲಿ ನಿಂತು ಮಾತಾಡಿಕೊಂಡೆವು. ಹೇಳಿಬಿಡುತ್ತೇನೆ ಅತ್ತೆ. ನಾನು ರಾಗಿಯನ್ನು ಕಪ್ಪಗೆ ಹುರಿದು, ಅರೆದು, ನಿಮ್ಮ ಡಬ್ಬಿಗೆ ಬೆರೆಸತೊಡಗಿದೆ. ಮೊದಲು ಒಂದು ಚಮಚ. ಆಮೇಲೆ ಎರಡು. ಕೊನೆಕೊನೆಗೆ ಆ ಡಬ್ಬಿಯಲ್ಲಿ ಕಾಫಿಗಿಂತ ರಾಗಿಯೇ ಹೆಚ್ಚಿತ್ತು.

ನಿಮಗೆ ಮೊದಲ ದಿನವೇ ಗೊತ್ತಾಯಿತು. ಲೋಟ ಕೆಳಗಿಟ್ಟು, "ಸರೋಜಾ, ಏನ್ ಆಕಿದ್ದೀಯಾ ಇದ್ರಲ್ಲಿ?" ಅಂದಿರಿ. ಏನೂ ಇಲ್ಲ ಅಂದೆ. ಮರುದಿನದಿಂದ ಮಿಷನ್ ಪಕ್ಕ ಸ್ಟೂಲು ಹಾಕಿಕೊಂಡು, ಕಣ್ಣು ಮುಚ್ಚಿ ಕೂರಲು ಶುರು ಮಾಡಿದಿರಿ. ನೀವು ನಿದ್ದೆ ಹೋದಿರಿ ಅಂದುಕೊಂಡು ನಾನು ಒಂದು ಸಲ ರಾಗಿ ಸುರಿದೆ. "ಕಾಪಿ ಬೀಜ ಕಟಕಟ ಅಂತದೆ. ಇದು ಸರಸರ ಅಂತಾ ಐತೆ. ರಾಗಿ ಕಣೇ ಇದು!" ಕಣ್ಣನ್ನೂ ತೆರೆಯದೆ ಹೇಳಿದಿರಿ. ಕಬ್ಬಿಣಕ್ಕೆ ನೀರು ತಾಗಿದರೆ ತುಕ್ಕು, ಅದಕ್ಕೇ ಮಿಷನ್ ತೊಳೆಯಬೇಕಾದರೆ ಒಂದು ಹಿಡಿ ರಾಗಿ ಹಾಕಿ ತಿರುಗಿಸಿ ಚೆಲ್ಲಬೇಕು ಎಂದು ನೀವೇ ಹೇಳಿಕೊಟ್ಟಿದ್ದಿರಲ್ಲ? "ಮಿಷನ್ ತೊಳೀತಾ ಇದ್ದೆ ಅತ್ತೆ" ಅಂದುಬಿಟ್ಟೆ. ನೀವು ಕಲಿಸಿದ್ದನ್ನೇ ನಿಮ್ಮ ಕಣ್ಣಿಗೆ ಬಟ್ಟೆಯಾಗಿ ಕಟ್ಟಿದೆ. ಅಲ್ಲಿಂದ ಮುಂದೆ ನಿಮ್ಮೆದುರು ಬೀಜ ಅರೆಯುತ್ತಿದ್ದೆ. ನೀವು ಸಂಜೆ ಹಾಲು ಹಾಕಲು ಡೈರಿಗೆ ಹೋದಾಗ ರಾಗಿ.

ಆ ಡೈರಿಯ ಸಾಲಿನಲ್ಲೇ ನೀವು ಒಂದು ದಿನ ಎಲ್ಲರಿಗೂ ಹೇಳಿದಿರಿ. "ನನ್ ಸೊಸೆ ಕಾಪೀಲಿ ಏನೋ ಆಕ್ತಾಳೆ." ಅತ್ತೆ, ನಮ್ಮ ಕಡೆ ಸೊಸೆ ಏನೋ ಹಾಕುತ್ತಾಳೆ ಅಂದರೆ ಜನ ರಾಗಿ ಅಂದುಕೊಳ್ಳುತ್ತಾರೆಯೇ? ಕೈಮದ್ದು ಅಂದುಕೊಂಡರು. ನಾನು ಹಾದುಹೋದರೆ ಮಾತು ನಿಲ್ಲುತ್ತಿತ್ತು. ನನಗೂ ಕೋಪ ನೆತ್ತಿಗೇರಿತು. ಅದೇ ಹೆಂಗಸರನ್ನು ಕರೆತಂದು, ನಮ್ಮ ನಡುಮನೆಯಲ್ಲಿ ದೀಪ ಹಚ್ಚಿ, ಅದನ್ನು ಮುಟ್ಟಿ, "ಕಾಪಿ ಪುಡೀಲಿ ನಾನು ಒಂದ್ ಚಿಟಿಕೆನೂ ಏನೂ ಬೆರ್ಸಿಲ್ಲ" ಎಂದು ಆಣೆಯಿಟ್ಟೆ. ನೀವು ಬಹಳ ಹೊತ್ತು ನನ್ನ ಕೈಯನ್ನೇ ನೋಡಿದಿರಿ. "ದೀಪ ಮುಟ್ಟವ್ಳೆ. ಅಂಗಾರೆ ನನ್ ನಾಲಿಗೇನೇ ಸತ್ತೋಗೈತೆ" ಅಂದು ಎದ್ದು ಹೊರಗೆ ಹೋದಿರಿ.

ಅದಾದ ಮೇಲೆ ನೀವು ಯಾವುದಕ್ಕೂ ರುಚಿ ಹೇಳಲಿಲ್ಲ. ಸಾರು ಬಾಯಿಗಿಟ್ಟು ನನ್ನ ಮುಖ ನೋಡಿ, "ಉಪ್ಪು ಸರಿಯಾಗೈತಾ?" ಎಂದು ನನ್ನನ್ನೇ ಕೇಳುತ್ತಿದ್ದಿರಿ. ನೀವು! ಹಸಿ ಬೀಜ ಕಡಿದು, 'ಇದು ಹೋದ ವರ್ಷದ್ದು' ಎಂದು ಹೇಳುತ್ತಿದ್ದವರು. ಆಗಲಾದರೂ ನಾನು ಹೇಳಬಹುದಿತ್ತು. ನಾಳೆ ಹೇಳೋಣ, ಹಬ್ಬ ಕಳೆಯಲಿ, ಇನ್ನೊಂದು ಸಲ ಬಿ.ಪಿ. ನೋಡಿಸಿದ ಮೇಲೆ... ಅಷ್ಟರಲ್ಲಿ ನೀವು ಹೊರಟೇ ಹೋದಿರಿ. ನಾನು ಮಾಡಿದ್ದು ನಿಮ್ಮ ಜೀವಕ್ಕಾಗಿ, ಅದರಲ್ಲಿ ನನಗೆ ನಾಚಿಕೆಯಿಲ್ಲ. ಆಣೆಯಿಟ್ಟದ್ದು ಮಾತ್ರ ನನ್ನ ಮಾನಕ್ಕಾಗಿ. ಅದಕ್ಕೆ ನಾಚಿಕೆಯಾಗುತ್ತದೆ.

ನಿಮ್ಮ ತಿಥಿ ಮುಗಿದ ವಾರವೇ ಮಿಷನ್ ಅಟ್ಟ ಸೇರಿತು. ಪೊಟ್ಟಣದ ಪುಡಿಯಲ್ಲಿ ಕಾಲ ಹಾಕಿದೆವು. ಮೂರು ತಿಂಗಳ ಹಿಂದೆ ಅದನ್ನು ಇಳಿಸಿದವಳು ಶೈಲಾ, ನಿಮ್ಮ ಮೊಮ್ಮಗನ ಹೆಂಡತಿ. ನೀವು ಅವಳನ್ನು ನೋಡಿಲ್ಲ. ರಾಬರ್ಟ್‌ಸನ್‌ಪೇಟೆಯ ಒಂದು ಮೆಡಿಕಲ್ ಸ್ಟೋರ್‌ನಲ್ಲಿ ಕೆಲಸ, ಸ್ಕೂಟರಿನಲ್ಲಿ ಓಡಾಡುತ್ತಾಳೆ. ಮಿಷನ್ ಒರೆಸಿ, ಎಣ್ಣೆ ಬಿಟ್ಟು, ಬೀಜ ತಂದು ಅರೆದು ಕಾಫಿ ಕೊಟ್ಟಳು. ಕುಡಿದೆ. ನೀರು ನೀರು. ಮಾರನೇ ದಿನವೂ ಅದೇ. ಡಿಕಾಕ್ಷನ್ ಹನಿಯುವುದಿಲ್ಲ, ಸುರಿಯುತ್ತದೆ. ಈಗ ನನಗೂ ಬಿ.ಪಿ. ಇದೆ ಅತ್ತೆ, ವಾರಕ್ಕೊಮ್ಮೆ ಪಟ್ಟಿ ಕಟ್ಟುವವಳು ಅವಳೇ. ಇನ್ನು ನನಗೆ ಬಿಡಿಸಿ ಹೇಳಬೇಕೇ?

ನಾನು ಡಬ್ಬಿ ಮೂಸಿದೆ. ರಾಗಿ ಮೂಟೆಯ ಗಂಟು ನಾನು ಹಾಕಿದ ಹಾಗೇ ಇದೆಯೇ ಎಂದು ನೋಡಿದೆ. ಅವಳು ಸ್ನಾನಕ್ಕೆ ಹೋದಾಗ ಅವಳ ಬ್ಯಾಗಿನಲ್ಲೂ ಕೈಯಾಡಿಸಿದೆ, ಸುಳ್ಳು ಯಾಕೆ ಹೇಳಲಿ. ನಿಮ್ಮ ಸ್ಟೂಲಿನಲ್ಲಿ ಕೂತು ಕಣ್ಣು ಮುಚ್ಚಿ ಕೇಳಿದೆ. ಕಟಕಟವೂ ಇಲ್ಲ, ಸರಸರವೂ ಇಲ್ಲ, ಕರಕರ ಅನ್ನುತ್ತಿತ್ತು. ಇವಳು ನನಗಿಂತ ಜಾಣೆ, ಬೇರೆ ಯಾವುದೋ ಕಾಳು ಹುಡುಕಿದ್ದಾಳೆ ಅಂದುಕೊಂಡೆ.

ಹೋದ ಭಾನುವಾರ ನನ್ನ ಮಗನೆದುರೇ ಕೇಳಿಬಿಟ್ಟೆ. "ಶೈಲಾ, ಕಾಪೀಗೆ ಏನ್ ಬೆರೆಸ್ತಾ ಇದ್ದೀಯಾ?"

"ಏನೂ ಇಲ್ಲತ್ತೆ."

"ಅಂಗಾದ್ರೆ ದೀಪ ಮುಟ್ಟಿ ಏಳು."

ಅವಳ ಮುಖ ಕೆಂಪಾಯಿತು. "ದೀಪ ಯಾಕೆ ಮುಟ್ಲಿ? ತಪ್ಪು ಮಾಡಿದ್ರೆ ತಾನೆ? ಮಿಷನ್ ಬಿಚ್ಚಿಸಿ ನೋಡಾಣ, ನಡೀರಿ. ನಾನೇ ಬೆರೆಸಿದ್ರೆ ಬ್ಯಾಗ್ ತಕೊಂಡು ನಮ್ಮಮ್ಮನ ಮನೆಗೆ ಓಯ್ತೀನಿ. ಬೆರೆಸಿಲ್ಲ ಅಂದ್ರೆ ನೀವೇನ್ ಮಾಡ್ತೀರಾ ಏಳಿ."

ಮಗ ಯಾರ ಕಡೆ ನೋಡಬೇಕೆಂದು ತಿಳಿಯದೆ ಫೋನ್ ನೋಡುತ್ತಿದ್ದ. ಆಣೆಗೆ ಹಿಂದೇಟು ಹಾಕಿದಳೆಂದರೆ ಇವಳೇ ಕಳ್ಳಿ ಎಂದು ನನಗೆ ಖಾತ್ರಿಯಾಯಿತು. ಸುಳ್ಳು ಆಣೆಯಿಟ್ಟ ಕೈ ನನ್ನದೇ ಎನ್ನುವುದು ಆಗ ನೆನಪಿಗೇ ಬರಲಿಲ್ಲ ನೋಡಿ.

ಮಿಷನ್ನನ್ನು ಚೀಲಕ್ಕೆ ಹಾಕಿ ತೊಡೆಯ ಮೇಲಿಟ್ಟುಕೊಂಡು ಅವಳ ಸ್ಕೂಟರಿನ ಹಿಂದೆ ಕೂತೆ. ಪೇಟೆಯ ಸಂದಿಯಲ್ಲಿ ಒಬ್ಬ ವಯಸ್ಸಾದ ಫಿಟ್ಟರು, ಗಣಿಯ ವರ್ಕ್‌ಶಾಪಿನಲ್ಲಿ ಇದ್ದವರು. ಹಳೆಯ ಪೇಪರ್ ಹಾಸಿ, ಬೋಲ್ಟು ಬಿಚ್ಚಿ, ಆ ಎರಡು ಬಿಲ್ಲೆ ತೆಗೆದು ಹೆಬ್ಬೆರಳಲ್ಲಿ ಸವರಿದರು.

"ಯಾರಮ್ಮಾ ಇದ್ರಲ್ಲಿ ರಾಗಿ ಅರೆದಿದ್ದು?"

ನಾನು ಗೆದ್ದವಳ ಹಾಗೆ ಶೈಲಾಳನ್ನು ನೋಡಿದೆ. ಅವಳು ಕಣ್ಣು ಕೆಳಗಿಡಲಿಲ್ಲ.

"ಈಗಿಂದು ಇಲ್ಲಮ್ಮಾ, ಇದು ಪಳೇದು" ಅಂದರು ಫಿಟ್ಟರು. "ನೋಡು, ಸಂದೀಲಿ ಕರ್ರಗೆ ಕಲ್ಲಾಗಿ ಕೂತೈತೆ. ರೋಡಲ್ಲಿ ಆಕಿದ್ ರಾಗಿ. ಮರಳು ಬಿಲ್ಲೆ ಅಲ್ಲನ್ನೆಲ್ಲಾ ತಿಂದೈತೆ. ಇನ್ನು ಬೀಜ ಎಂಗಮ್ಮಾ ಪುಡಿಯಾಯ್ತದೆ? ಒಡೀತದೆ, ಅಷ್ಟೇ. ನೀರು ಅಂಗೇ ಇಳ್ದೋಯ್ತದೆ."

ನಮ್ಮೂರಿನಲ್ಲಿ ರಾಗಿ ತೆನೆಯನ್ನು ಟಾರು ರಸ್ತೆಗೆ ಹಾಸಿ ಲಾರಿ ಬಸ್ಸು ಹರಿಸಿಯೇ ಒಕ್ಕುವುದಲ್ಲವೇ? ಮುದ್ದೆಯ ರಾಗಿಯನ್ನು ತೊಳೆದು, ಒಣಗಿಸಿ, ಕಲ್ಲು ಮರಳು ತೆಗೆದೇ ಬೀಸಿಸುತ್ತೇವೆ. ಕದ್ದು ಹುರಿಯುವ ರಾಗಿಗೆ ಅಷ್ಟು ಪುರುಸೊತ್ತು ಎಲ್ಲಿತ್ತು ನನಗೆ? ನೀವು ಡೈರಿಯಿಂದ ಬರುವುದರೊಳಗೆ ಮುಗಿಯಬೇಕಿತ್ತು. ಮೂಟೆಯಿಂದ ನೇರ ಬಾಣಲೆಗೆ, ಬಾಣಲೆಯಿಂದ ಮಿಷನ್ನಿಗೆ. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಮಿಷನ್ ತೊಳೆಯೋಕೆ ಒಂದೊಂದ್ ಇಡಿ ಆಕ್ತಿದ್ವಿ" ಅಂದೆ.

"ಇಡಿ ಇಲ್ಲಮ್ಮಾ, ಮೂಟೆ" ಅಂದರು ಅವರು.

ಅರದಿಂದ ಹಲ್ಲು ತೀಡಿ ಕೊಟ್ಟರು. ವಾಪಸ್ ಬರುವಾಗ, ಪೇಟೆ ದಾಟಿದ ಮೇಲೆ, ಶೈಲಾಳ ಬೆನ್ನಿಗೆ ಎಲ್ಲ ಹೇಳಿದೆ. ಮುಖ ಕಾಣುತ್ತಿದ್ದರೆ ಹೇಳುತ್ತಿರಲಿಲ್ಲವೇನೋ. ಅವಳು ಸ್ಕೂಟರು ಪಕ್ಕಕ್ಕೆ ಹಾಕಿ ಇಳಿದಳು. ಬೈಯುತ್ತಾಳೆ ಅಂದುಕೊಂಡೆ.

"ಅಜ್ಜೀಗೆ ಏಳುದ್ರಾ ಈ ಮಾತ್ನ?"

"ಎಲ್ಲಿ ಏಳಾದು, ಒಂಟೋದ್ರಲ್ಲ."

"ಡೈರಿ ಅತ್ರ ಇರೋರ್ಗೆ? ಅವ್ರ ಮುಂದೆ ತಾನೆ ದೀಪ ಮುಟ್ಟಿದ್ದು?"

ಅವಳು ಕಟ್ಟಿದ ಪಂಥದಲ್ಲಿ ಸೋತ ನಾನು ಏನು ಮಾಡಬೇಕೆಂದು ಅವಳೇ ಹೇಳಿದ ಹಾಗಾಯಿತು.

ನಿನ್ನೆ ಸಂಜೆ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತು, ನಮ್ಮತ್ತೆ ಹೇಳಿದ್ದು ನಿಜ, ನಾನು ಕಾಫಿಗೆ ರಾಗಿ ಬೆರೆಸುತ್ತಿದ್ದೆ, ದೀಪ ಮುಟ್ಟಿ ಸುಳ್ಳು ಹೇಳಿದೆ ಎಂದು ಹೇಳಿದೆ. ಸಾಲಿನ ಹಿಂದಿದ್ದವರಿಗೆ ಕೇಳಿಸಲಿಲ್ಲ, ಅದಕ್ಕೆ ಎರಡು ಸಲ ಹೇಳಬೇಕಾಯಿತು. ಕೆಲವರು ನಕ್ಕರು. ನಿಮ್ಮ ಗೆಳತಿ ಮುನೆಮ್ಮ ನಗಲಿಲ್ಲ. "ಸಾಯೋಗಂಟ ನನ್ ಅತ್ರ 'ನಾಲಿಗೆ ಓಯ್ತು ಮುನೆಮ್ಮಾ' ಅಂತಿದ್ಲಲ್ಲೇ" ಅಂದು ಕಣ್ಣೊರೆಸಿಕೊಂಡು ಹೋದರು. ಬಹುಶಃ ಇನ್ನು ಅವರು ನನ್ನ ಹತ್ತಿರ ಮಾತಾಡಲಾರರು. ಆಡದಿದ್ದರೆ ಅದೂ ಸರಿಯೇ.

ನಿಮಗೂ ನೇರವಾಗಿ ಹೇಳಬೇಕಲ್ಲ, ಅದಕ್ಕೇ ಈ ಕಾಗದ. ನಿಮ್ಮ ನಾಲಿಗೆ ಸತ್ತಿರಲಿಲ್ಲ. ನಿಮ್ಮ ಕಿವಿಯೂ ಸರಿಯಾಗಿತ್ತು. ಅದು ರಾಗಿಯೇ, ಅತ್ತೆ.

ಸರೋಜ