ತರಗುಬೆಂಕಿಗೊಂದು ಸಾಲು

ಕೆಂಜಿಗುಡ್ಡ, ಹೊಗೆಯಿಲ್ಲದ ವರ್ಷ ನೂರ ಅರವತ್ತೇಳು, ಮಾಗಿಯ ಕೊನೆ. ನಿಮ್ಮ ಲೆಕ್ಕದಲ್ಲಿ ಇಸವಿ ಎರಡು ಸಾವಿರದ ನೂರ ತೊಂಬತ್ತಮೂರು.

ನೂರ ಅರವತ್ತು ವರ್ಷಕ್ಕೂ ಹಿಂದಿನ ಗುಡ್ಡದ ಹಿರಿಯರಿಗೆ ಜಡೆಮ್ಮನ ಶರಣು.

ನನಗೆ ಐವತ್ತು ದಾಟಿದೆ. ನಿಮ್ಮಲ್ಲಿ ಎಷ್ಟೋ ಜನ ನನಗಿಂತ ಚಿಕ್ಕವರಿರಬಹುದು, ಆದರೂ ನೀವೇ ನನ್ನ ಅಜ್ಜ ಅಜ್ಜಿಯರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ಬಯ್ಗುಳದಂತೆ ಕೇಳಿಸಿದರೆ ಅದು ಬಯ್ಗುಳವೇ, ಅದನ್ನು ಮನ್ನಿಸುವುದು ಬೇಡ.

ನೀವೀಗ ಮತ್ತಿಮರದ ಕೆಳಗೆ ಕೂತು ಕಾರ್ಬನ್ ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಲಿದ್ದೀರಿ. ನಾವು ಕಾಡು ಕಾಯಬೇಕು, ಕಾಡು ಗಾಳಿಯ ಕೊಳೆಯನ್ನು ಮರದೊಳಗೆ ಹಿಡಿದಿಡಬೇಕು, ಅದಕ್ಕಾಗಿ ದೂರದ ಕಾರ್ಖಾನೆಯವರು ಊರಿಗೆ ದುಡ್ಡು ಕಳಿಸಬೇಕು. ನಾವು ಅದನ್ನು ಉಸಿರುದುಡ್ಡು ಎನ್ನುತ್ತೇವೆ. ಅದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕಲ್ಲುಗಣಿಯವರು ಗುಡ್ಡ ಹತ್ತದಂತೆ ತಡೆದದ್ದು ಅದೇ. ಕಾಡು ನಮ್ಮ ಹೆಸರಿಗೆ ಆದದ್ದೂ, ಶಾಲೆ ಬಂದದ್ದೂ ಅದರಿಂದಲೇ.

ಆದರೆ ಆ ಒಪ್ಪಂದದಲ್ಲಿ ಕಾಡಿನಿಂದ ಹೊಗೆ ಏಳಕೂಡದು ಎಂದಿದೆ. ಮಾಗಿ ಕಳೆಯುವಾಗ ನೀವು ಉದುರೆಲೆಗೆ ಹಚ್ಚುವ ತರಗುಬೆಂಕಿಯೂ ಹೊಗೆಯೇ ತಾನೆ. ಅದು ಪಾದದೆತ್ತರಕ್ಕೆ ತೆವಳಿ, ಲಂಟಾನದ ಮೊಳಕೆ ಸುಟ್ಟು, ಸಂಜೆಯ ಇಬ್ಬನಿಗೆ ತಾನೇ ಆರುತ್ತದೆ ಎಂದು ನಿಮಗೆ ಗೊತ್ತು. ಒಪ್ಪಂದದವರು ಆಕಾಶದಲ್ಲಿ ಸುತ್ತಲು ಬಿಟ್ಟ ಮೇಲ್ಗಣ್ಣಿಗೆ ಗೊತ್ತಿಲ್ಲ. ಮೊದಮೊದಲು ಅದರ ದೃಷ್ಟಿ ಮಂದವಾಗಿತ್ತು, ಕದ್ದುಮುಚ್ಚಿ ಹಚ್ಚುತ್ತಿದ್ದರಂತೆ. ನಾನು ಹುಟ್ಟುವ ಹೊತ್ತಿಗೆ ಅದು ಬೀಡಿಯ ಹೊಗೆಯನ್ನೂ ಹಿಡಿಯುತ್ತಿತ್ತು. ನಾವು ಬಿಸಿಲುಪೆಟ್ಟಿಗೆಯಲ್ಲಿ ರಾಗಿಮುದ್ದೆ ಬೇಯಿಸುತ್ತೇವೆ. ನಮ್ಮ ದೇವರಿಗೆ ಧೂಪವಿಲ್ಲ. ಪ್ರತಿ ಓಣಿಗೂ ಒಬ್ಬ ಹೊಗೆಗಾವಲಿನವನಿದ್ದಾನೆ. ಅವನು ಹೊರಗಿನವನಲ್ಲ, ನಮ್ಮವನೇ.

ಲಂಟಾನ ಸೂರಿನೆತ್ತರ ಬೆಳೆಯಿತು. ಅದರಡಿ ತರಗು ಮಂಡಿಯುದ್ದ ಕೂತಿತು. ಅಪ್ಪ ಕೇತೇಗೌಡನಿಗೆ ಅದನ್ನು ನೋಡಿದರೆ ನಿದ್ದೆ ಬರುತ್ತಿರಲಿಲ್ಲ. ನನಗೆ ಹನ್ನೆರಡಾಗಿದ್ದಾಗ ಒಂದು ಮಧ್ಯಾಹ್ನ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ ನೆಲ್ಲಿಮರಗಳ ಬಯಲಿನಲ್ಲಿ ಬೆಂಕಿ ಇಟ್ಟ. ಹೊಗೆ ಕಂಡು ಓಡಿ ಬಂದ ಗಾವಲಿನವರ ಮುಂದೆ ಇದ್ದವನು ಅಪ್ಪನ ಒಡಹುಟ್ಟಿದ ತಮ್ಮ, ನನ್ನ ಚಿಕ್ಕಪ್ಪ ಕುಂಬಯ್ಯ.

"ಸಂಜ್ಗೆ ಇಬ್ಬನಿ ಬಿದ್ರೆ ಅದೇ ಕೆಡ್ತದ, ಬುಡ್ರಪ್ಪ" ಎಂದ ಅಪ್ಪ.

"ನಿನ್ ಬೆಂಕಿಗೆ ಊರ್ ಮಕ್ಳ ಅನ್ನ ಹೋಯ್ತದ ಕಣಣ್ಣಯ್ಯ" ಎಂದು ಹೇಳುತ್ತಲೇ ಚಿಕ್ಕಪ್ಪ ಹೊಡೆದ.

ಗಾವಲಿನವರ ಕೈಯಲ್ಲಿದ್ದದ್ದು ಸೊಪ್ಪುಗೋಲು. ತುದಿಯಲ್ಲಿ ಹಸಿ ಎಲೆ ಉಳಿಸಿದ ಕೊಂಬೆ, ಬೆಂಕಿ ಅಂಚು ದಾಟದಂತೆ ಬಡಿಯಲು ನಿಮ್ಮ ಕಾಲದಿಂದ ಬಂದದ್ದು. ಮೊದಲ ಏಟಿಗೆ ಅಪ್ಪನ ಮಣಿಕಟ್ಟು ಮುರಿಯಿತು. ಅವನು ಬಿದ್ದ ಮೇಲೆ ಒಬ್ಬರು ಬೆಂಕಿಗೆ ಬಡಿದರೆ ಒಬ್ಬರು ಅವನಿಗೆ ಬಡಿದರು, ಎಲೆ ಉದುರಿ ಬರೀ ದೊಣ್ಣೆ ಉಳಿಯುವವರೆಗೆ. ತಲೆ ಬಂಡೆಗೆ ತಾಗಿ ಒಡೆದದ್ದನ್ನು ನಾನು ಕಂಡೆ. ಅವ್ವ ಹೆಣ ತೊಳೆಯುವಾಗ ಬೆನ್ನ ಮೇಲೆ ರಕ್ತದ ಜೊತೆ ಮಸಿಯೂ ಅಂಟಿತ್ತು, ಉಜ್ಜಿದರೂ ಹೋಗಲಿಲ್ಲ. ಊರಿನವರು ಹೊಗೆ ನಿಂತಿತೆಂದು ಸಮಾಧಾನಪಟ್ಟರು. ನನಗೆ ಅವರ ಮೇಲೆ ಇವತ್ತಿಗೂ ಕೋಪ ಇಳಿದಿಲ್ಲ.

ಮರುಬೇಸಿಗೆ ಒಣಸಿಡಿಲು ಬಿತ್ತು. ಲಂಟಾನವನ್ನು ಏಣಿ ಮಾಡಿಕೊಂಡು ಬೆಂಕಿ ಮರದ ನೆತ್ತಿಗೆ ಏರಿತು. ಮೈಗೆಲ್ಲ ಉರಿ ಹತ್ತಿದ ಕಡವೆಯೊಂದು ಊರೊಳಗೆ ನುಗ್ಗಿ ನಮ್ಮ ಓಣಿಯ ಹುಲ್ಲುಮಾಡುಗಳಿಗೆ ಬೆಂಕಿ ಹಚ್ಚಿ ಸತ್ತಿತು. ಅವ್ವ ಒಳಗೇ ಉಳಿದಳು. ಚಿಕ್ಕಪ್ಪ ಸೊಪ್ಪುಗೋಲು ಹಿಡಿದೇ ಆ ಗೋಡೆಯಂಥ ಬೆಂಕಿಗೆ ಎದುರಾಗಿ ಹೋದ. ಹೆಣ ಸಿಕ್ಕಾಗ ಕೋಲೂ ಕೈಯೂ ಒಂದೇ ಇದ್ದಿಲಾಗಿದ್ದವು. ಮೇಲ್ಗಣ್ಣು ಆ ಹೊಗೆಯನ್ನೂ ಕಂಡಿತು. ಉಸಿರುದುಡ್ಡು ನಿಂತಿತು.

ಈಗ ಕಾಡು ಮತ್ತೆ ಚಿಗುರಿದೆ. ಅದೇ ಒಪ್ಪಂದ ಮತ್ತೆ ಬಂದಿದೆ, ಅಕ್ಷರ ಬದಲಾಗದೆ. ಲಂಟಾನವೂ ಎದೆಮಟ್ಟ ಬಂದಿದೆ. ಇವತ್ತು ನಾನು ಅದೇ ನೆಲ್ಲಿಬಯಲಿಗೆ ಬೆಂಕಿ ಇಡುತ್ತೇನೆ ಎಂದು ಪಂಚಾಯಿತಿಯಲ್ಲಿ ನಿಂತು ಹೇಳಿದ್ದೇನೆ. ಈಗಿನ ಗಾವಲಿನವನು ಚಿಕ್ಕಪ್ಪನ ಮಗ ಬೊಮ್ಮ. ನಾನು ಎತ್ತಿ ಆಡಿಸಿದ ಕೂಸು. ನಿನ್ನೆ ಬಂದು ಬಾಗಿಲಲ್ಲೇ ನಿಂತ.

"ಅಕ್ಕ, ನಾಳೆ ನೀ ಅಲ್ಗ್ ಬರ್ಬ್ಯಾಡ. ಬಂದ್ರೆ ನನ್ ಕೈ ನಿಲ್ಲದಿಲ್ಲ."

"ನಿಮ್ಮಪ್ಪನ್ ಕೈನೂ ನಿಲ್ನಿಲ್ಲ ಕಣ್ಲಾ" ಎಂದೆ. ಅವನು ಅಳುತ್ತ ಹೋದ.

ಕಾಗದ ಹಿಂದಕ್ಕೆ ಹೋಗುವ ದಾರಿ ನನಗೆ ತಿಳಿಯದು. ಮತ್ತಿಮರದ ಬುಡದಲ್ಲಿ ಹೂಳುತ್ತೇನೆ, ಅದು ನಿಮ್ಮ ಕಾಲದ್ದೇ ಮರ. ಹೆಬ್ಬೆಟ್ಟು ಒತ್ತುವ ಮೊದಲು ಒಂದೇ ಒಂದು ಸಾಲು ಸೇರಿಸಿ: ಮಾಗಿಯ ತರಗುಬೆಂಕಿ ಊರಿನವರ ಹಕ್ಕು. ಅದಕ್ಕೆ ಕಾರ್ಖಾನೆಯವರು ಒಪ್ಪದಿದ್ದರೆ ಎದ್ದು ಬನ್ನಿ.

ಬಿಸಿಲೇರಿದೆ, ಎಲೆ ಒಣಗಿದೆ. ಬೊಮ್ಮ ಹಿತ್ತಲಲ್ಲಿ ಸೊಪ್ಪುಗೋಲು ಕಡಿಯುವ ಸದ್ದು ಇಲ್ಲಿಗೆ ಕೇಳುತ್ತಿದೆ. ನೀವು ಆ ಸಾಲು ಬರೆಸಿದ್ದರೆ ಅವನು ನನ್ನ ಪಕ್ಕದಲ್ಲಿ ನಿಂತು ಬೆಂಕಿಯ ಅಂಚಿಗೆ ಬಡಿಯುತ್ತಾನೆ. ಬರೆಸದಿದ್ದರೆ ನನಗೆ ಬಡಿಯುತ್ತಾನೆ. ನಾನು ಹೊರಟೆ.

ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ಕೇತೇಗೌಡನ ಮಗಳು ಜಡೆಮ್ಮ