ಎಡಗೈ ಸುದ್ದಿ ಕಳಿಸದ ಪಂದ್ಯ

ಒಸಾಕಾ
ಫೆಬ್ರವರಿ ೩೦, ೨೨೩೧

ಪಾವನಿ ಅಜ್ಜಿಯವರಿಗೆ, ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳು ಮುಕ್ತಾಮಣಿ ಮಾಡುವ ನಮಸ್ಕಾರಗಳು.

ಮೊದಲು ತಾರೀಕಿನ ವಿಷಯ. ಫೆಬ್ರವರಿಗೆ ಮೂವತ್ತು ದಿನ ಬಂದದ್ದು ನಮ್ಮ ಕಾಲದಲ್ಲಿ. ಕ್ಯಾಲೆಂಡರ್ ತಿದ್ದಿದವರಿಗೆ ಬೇರೆ ಕೆಲಸವಿರಲಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ನಾನು ಪುಸ್ತಕದಿಂದ ಕಲಿತವಳು, ಮನೆಯಲ್ಲಿ ಆಡುವುದು ಅರ್ಧ ಮೈಸೂರು, ಅರ್ಧ ಒಸಾಕಾ. ಇದನ್ನು ಓದುವಾಗ ನೀವು ನನಗಿಂತ ಚಿಕ್ಕವರೇ ಇರಬಹುದು, ಆದರೂ ಅಜ್ಜಿ ಅಜ್ಜಿಯೇ. ಹಿಟ್ಟು ರುಬ್ಬಲು ಹಾಕಿದ್ದನ್ನು ಮರೆತು, ಮೊಬೈಲಿನಲ್ಲಿ ಜಪಾನಿನ ಕುಸ್ತಿ ನೋಡುತ್ತ ನೀವು ಗೋಡೆಗೆ ಗುದ್ದುತ್ತಿದ್ದಿರಂತೆ. ನಮ್ಮ ಮನೆಯಲ್ಲಿ ಈ ಕಥೆ ಇನ್ನೂ ಬದುಕಿದೆ. ಅದಕ್ಕೇ ಈ ವಿಮರ್ಶೆ ನಿಮಗೆ.

ಇಲ್ಲಿ ಕುಸ್ತಿಯ ವಿಮರ್ಶೆಯನ್ನು ಪಂದ್ಯ ನೋಡಲಾಗದ ಹಿರಿಯರೊಬ್ಬರಿಗೆ ಬರೆದ ಕಾಗದದಂತೆ ಬರೆದು ಪತ್ರಿಕೆಯಲ್ಲಿ ಅಚ್ಚು ಹಾಕುವುದು ರೂಢಿ. ನೋಡಿದವರಿಗೆ ಹೇಳಲು ಏನೂ ಉಳಿದಿರುವುದಿಲ್ಲ, ಅದೇ ಕಾರಣ. ಸಭಾಂಗಣದ ಬಾಗಿಲಲ್ಲಿ ಪ್ರತಿಯೊಬ್ಬರ ಮಣಿಕಟ್ಟಿಗೂ ಮೈಪಟ್ಟಿ ಕಟ್ಟುತ್ತಾರೆ. ಅಖಾಡದಲ್ಲಿರುವವರ ಕೈಗೂ ಅಂಥದೇ ಪಟ್ಟಿ ಇರುತ್ತದೆ, ಅವರಿಗೆ ಆದ ನೋವಿನ ಒಂದು ಚೂರು ಆ ಪಟ್ಟಿಯ ಮೂಲಕ ನಮ್ಮ ಮೈಗೂ ಬರುತ್ತದೆ. ಅವರ ಭುಜಕ್ಕೆ ಬಿದ್ದರೆ ನಮ್ಮ ಭುಜ ಚುರ್ ಎನ್ನುತ್ತದೆ. ಜನ ಅಯ್ಯೋ ಅಮ್ಮಾ ಎನ್ನುತ್ತ ಮನೆಗೆ ಹೋಗುತ್ತಾರೆ, ಮರುವಾರ ಮತ್ತೆ ಟಿಕೆಟ್ ಕೊಳ್ಳುತ್ತಾರೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ. ಗೆಲ್ಲುವವರು ಯಾರೆಂದು ನಿಮ್ಮ ಕಾಲದಂತೆಯೇ ಮೊದಲೇ ಗೊತ್ತುಮಾಡಿರುತ್ತಾರೆ. ಆದರೆ ಬೀಳುವುದು ಮಾತ್ರ ನಿಜವಾಗಿಯೇ ಬೀಳಬೇಕು, ನೆಲಕ್ಕೆ ಕಥೆ ಗೊತ್ತಿಲ್ಲವಲ್ಲ.

ಕಳೆದ ಶನಿವಾರದ ಪ್ರದರ್ಶನದಲ್ಲಿ ಮೂರು ಪ್ರಶಸ್ತಿ ಪಂದ್ಯಗಳಿದ್ದವು. ಮೊದಲನೆಯದು ಜೋಡಿ ಪ್ರಶಸ್ತಿ. ಓಗಾತಾ ಸೋದರರಿಗೆ ವಯಸ್ಸಾಗಿದೆ, ಓಡುವ ಕಡೆಯೆಲ್ಲ ನಡೆದರು. ಆದರೂ ಅಣ್ಣ ಹಗ್ಗದಾಚೆಯಿಂದ ಕೈ ಚಾಚಿ, ತಮ್ಮ ತೆವಳಿಕೊಂಡು ಬಂದು ಕೈ ತಟ್ಟಿ ತನ್ನನ್ನು ಒಳಗೆ ಕರೆಯಲೆಂದು ಕಾಯುತ್ತ ನಿಂತ ರೀತಿಗೆ ನಾನು ಕಣ್ಣೊರೆಸಿಕೊಂಡೆ. ಸೋತರು, ಸೊಗಸಾಗಿ ಸೋತರು. ಎರಡನೆಯದು ಹಗುರ ತೂಕದವರದು. ಹಾರಿದ್ದೇ ಹಾರಿದ್ದು. ಯಾಕೆ ಹಾರುತ್ತಿದ್ದೇವೆಂದು ಅವರಿಬ್ಬರಲ್ಲಿ ಯಾರಿಗೂ ತಿಳಿದಿದ್ದಂತಿರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲಾರೆ, ಏಕೆಂದರೆ ನನ್ನ ಜೀವವೆಲ್ಲ ಮೂರನೆಯ ಪಂದ್ಯದಲ್ಲಿತ್ತು. ಮಹಿಳೆಯರ ಮಹಾಪ್ರಶಸ್ತಿಯ ಚಾಂಪಿಯನ್ ಚೆಲುವಿ ನನ್ನ ಒಡಹುಟ್ಟಿದ ತಂಗಿ. ಅಕ್ಕ ತಂಗಿಯ ಪಂದ್ಯ ವಿಮರ್ಶಿಸಬಹುದೇ ಎಂದು ಸಂಪಾದಕರನ್ನು ಕೇಳಿದ್ದೆ. ಒಸಾಕಾದ ಕನ್ನಡ ಪತ್ರಿಕೆಯಲ್ಲಿ ಕುಸ್ತಿ ಗೊತ್ತಿರುವವಳು ನೀನೊಬ್ಬಳೇ, ಬಾಯಿ ಮುಚ್ಚಿಕೊಂಡು ಬರಿ ಎಂದರು.

ನಿಮ್ಮ ಕಾಲದ ಒಂದು ಪದ್ಧತಿ ಇನ್ನೂ ಉಳಿದಿದೆ. ಪಂದ್ಯಕ್ಕೆ ಮುಂಚೆ ಚಾಂಪಿಯನ್ ತನ್ನ ಪ್ರಶಸ್ತಿಯ ಬೆಲ್ಟನ್ನು ಅಖಾಡದ ನಡುವೆ ತಲೆಬಾಗಿ ಹಿಂದಿರುಗಿಸಬೇಕು. ಪಂದ್ಯ ಮುಗಿಯುವವರೆಗೆ ಅದು ಯಾರದ್ದೂ ಅಲ್ಲ. ಚೆಲುವಿ ಹಿಂದಿರುಗಿಸಿದಳು, ಬಣ್ಣದ ಕಾಗದದ ಸುರುಳಿಗಳು ಹಾರಿಬಂದವು, ಗಂಟೆ ಹೊಡೆಯಿತು. ಎದುರಾಳಿ ಮಿನೆಗಿಶಿ ಕೋಟೊ ಬಂಡೆಯಂಥ ಹೆಂಗಸು, ಒಳ್ಳೆಯವಳು. ಪಂದ್ಯ ಅರ್ಧಕ್ಕೆ ಬಂದಾಗ ಅವಳು ಚೆಲುವಿಯ ಸೊಂಟ ಹಿಡಿದು ಹಿಂದಕ್ಕೆ ಎಸೆದಳು. ಚೆಲುವಿ ಬೆನ್ನಿನ ಮೇಲೆ ಬೀಳುವ ಬದಲು ಕತ್ತಿನ ಮೇಲೆ ಬಿದ್ದಳು. ಇಡೀ ಸಭಾಂಗಣ ಒಟ್ಟಿಗೆ ನರಳಿತು.

ಅದಾದ ಮೇಲೆ ಕೋಟೊ ಅವಳ ಎಡಗೈಗೆ ಒದ್ದಳು. ನನ್ನ ಎಡಗೈಗೆ ಏನೂ ಬರಲಿಲ್ಲ. ತಿರುಚಿದಳು, ಆಗಲೂ ಇಲ್ಲ. ಅಕ್ಕಪಕ್ಕದವರು ಪಟ್ಟಿಯನ್ನು ತಟ್ಟಿ ನೋಡಿದರು. ಕಾಲಿಗೆ ಬಿದ್ದ ಪೆಟ್ಟು ಎಲ್ಲರಿಗೂ ಬಂತು, ಹಾಗಾಗಿ ಪಟ್ಟಿ ಸರಿಯಿದೆ, ಕೋಟೊಳ ಪೆಟ್ಟೇ ಸುಳ್ಳು ಎಂದು ತೀರ್ಮಾನಿಸಿದರು. ಚೆಲುವಿ ಗೆದ್ದಾಗ ಚಪ್ಪಾಳೆಗಿಂತ ಕೂಗಾಟವೇ ಹೆಚ್ಚಿತ್ತು. ಸಂಸ್ಥೆಯವರು ಅಲ್ಲೇ ಬರುವ ಶನಿವಾರಕ್ಕೆ ಮರುಪಂದ್ಯ ಸಾರಿದರು. ಈ ಸಲ ಆ ಕೈಯನ್ನೂ ಕತ್ತನ್ನೂ ಬಿಡುವುದಿಲ್ಲ, ನಿಮಗೆಲ್ಲ ಗೊತ್ತಾಗುವ ಹಾಗೆ ಹೊಡೆಯುತ್ತೇನೆ ಎಂದು ಕೋಟೊ ಪಾಪ ಜನರಿಗೆ ಮಾತು ಕೊಟ್ಟಳು. ಸಂಸ್ಥೆಯ ವೈದ್ಯರು ಪರೀಕ್ಷಿಸುವುದೂ ಕುಸ್ತಿಯವರ ಮೈಪಟ್ಟಿಯನ್ನೇ. ಪಟ್ಟಿ ನೋವಿಲ್ಲ ಅಂದರೆ ಅವರೂ ನೋವಿಲ್ಲ ಅನ್ನುತ್ತಾರೆ. ಎಡಗೈ ಪೆಟ್ಟುಗಳೆಲ್ಲ ಪೊಳ್ಳು ಎಂದು ನಾನೂ ಬರೆಯಲು ಕುಳಿತಿದ್ದೆ.

ಮರುದಿನ ಬೆಳಿಗ್ಗೆ ಕಾಫಿ ಮಾಡಿದೆ. ಸ್ಟೀಲ್ ಲೋಟ ನಿಮ್ಮ ಕಾಲದಿಂದ ಬದಲಾಗಿಲ್ಲ, ಅದು ಸುಡುವುದೂ ಬದಲಾಗಿಲ್ಲ. ನಾನು ಬಟ್ಟೆಯಲ್ಲಿ ಹಿಡಿದು ತಂದಿಟ್ಟ ಲೋಟವನ್ನು ಚೆಲುವಿ ಎಡಗೈಯಲ್ಲಿ ಇಡಿಯಾಗಿ ಹಿಡಿದಳು. ಹಿಡಿದುಕೊಂಡೇ ಕೋಟೊಳ ಎಸೆತವನ್ನು ಹೊಗಳುತ್ತ ಕುಳಿತಳು. ನಾನು ಲೋಟ ಕಿತ್ತುಕೊಂಡೆ. ಅಂಗೈ ಕೆಂಪಾಗಿ ಗುಳ್ಳೆ ಏಳುತ್ತಿತ್ತು, ಅವಳು ಅದನ್ನು ನೋಡಲೇ ಇಲ್ಲ. "ಏನಕ್ಕಾ ನಿಂದು, ಕಾಫಿಯೆಲ್ಲಾ ಚೆಲ್ಬಿಟ್ಯಲ್ಲ" ಎಂದು ನನ್ನನ್ನೇ ಬೈದಳು.

ಅಜ್ಜಿ, ಆಗ ನನಗೆ ಹೊಳೆಯಿತು. ಶನಿವಾರ ನಮಗೆಲ್ಲ ಬಂದದ್ದು ಅವಳ ಕೈಯ ನಿಜವಾದ ಸುದ್ದಿಯೇ: ಕತ್ತಿನ ಮೇಲೆ ಬಿದ್ದಾಗಿನಿಂದ ಆ ಕೈಗೆ ನೋವೇ ತಿಳಿಯುತ್ತಿಲ್ಲ. ಅದನ್ನು ಓದಲು ನಮಗೆ ಬರಲಿಲ್ಲ. ಬೇರೆ ಡಾಕ್ಟರ ಹತ್ತಿರ ನಡಿ ಎಂದು ಅತ್ತು ಗದರಿಸಿದೆ. "ಜೋಮು ಹಿಡ್ದಿದೆ ಅಷ್ಟೇ, ಡಾಕ್ಟ್ರೇ ಪಾಸು ಮಾಡವ್ರೆ" ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ಆ ಬೆಲ್ಟಿಗಾಗಿ ಅವಳು ತನ್ನ ಪ್ರಾಯವನ್ನೆಲ್ಲ ಆ ನೆಲಕ್ಕೆ ಸುರಿದವಳು. ಇದನ್ನು ಅಚ್ಚಿಗೆ ಕೊಟ್ಟರೆ ಬೆಲ್ಟ್ ಹೋಗುತ್ತದೆ, ತಂಗಿಯೂ ದೂರವಾಗಬಹುದು. ಕೊಡದಿದ್ದರೆ ಬರುವ ಶನಿವಾರ ಅದೇ ಕತ್ತಿನ ಮೇಲೆ ಇನ್ನೊಮ್ಮೆ ಬೀಳುತ್ತಾಳೆ, ಆಮೇಲೆ ಏಳುತ್ತಾಳೋ ಇಲ್ಲವೋ. ಅತ್ತ ದರಿ, ಇತ್ತ ಪುಲಿ.

ಇವತ್ತು ಇಷ್ಟನ್ನೂ ಬರೆದು ಅವಳ ಮುಂದಿಟ್ಟೆ. ಓದಿದಳು. ಬಲಗೈಯಿಂದ ಎಡ ಅಂಗೈಯ ಗುಳ್ಳೆಯನ್ನು ಗಟ್ಟಿಯಾಗಿ ಒತ್ತಿದಳು, ಇನ್ನೂ ಗಟ್ಟಿಯಾಗಿ ಒತ್ತಿದಳು, ನೋವು ತಿಳಿಯಲೇ ಇಲ್ಲ, ಮುಖ ಬಿಳಿಚಿಕೊಂಡಿತು. ಆಮೇಲೆ ಹೇಳಿದಳು: "ಕೊಡಕ್ಕ ಅಚ್ಚಿಗೆ. ಆದ್ರೆ ಸೋತ್ಲು ಅಂತ ಮಾತ್ರ ಬರೀಬೇಡ. ಪ್ರತೀ ಸಲಾನೂ ಬೆಲ್ಟ್ ವಾಪಸ್ ಕೊಡ್ತೀನಲ್ವಾ, ಈ ಸಲಾನೂ ಕೊಡ್ತೀನಿ. ತಿರ್ಗಾ ಇಸ್ಕೊಳಲ್ಲ, ಅಷ್ಟೇ."

ಹೇಳಿದ್ದಾಳೆ ನಿಜ. ಶನಿವಾರ ದೀಪಗಳು ಹತ್ತಿ, ಸಾವಿರಾರು ಜನ ಅವಳ ಹೆಸರು ಕೂಗುವಾಗ ಈ ಮಾತು ನಿಲ್ಲುತ್ತದೆಯೇ, ನನಗೆ ಗೊತ್ತಿಲ್ಲ. ಭಯವಾಗುತ್ತಿದೆ. ನಾನು ಹಗ್ಗದ ಪಕ್ಕದಲ್ಲೇ ನಿಂತಿರುತ್ತೇನೆ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಕಾಲದಲ್ಲಿ ಮೈಪಟ್ಟಿ ಇಲ್ಲ, ಕಣ್ಣಿದೆ. ಯಾರಾದರೂ ಎಷ್ಟು ಪೆಟ್ಟು ತಿಂದರೂ ನೋವೇ ಆಗದವರಂತೆ ನಿಂತರೆ, ಭೇಷ್ ಎಂದು ಗೋಡೆಗೆ ಗುದ್ದುವ ಮೊದಲು ಅವರ ಬೆರಳುಗಳನ್ನು ನೋಡಿ, ಆಡುತ್ತಿವೆಯೇ ಎಂದು. ನಿಮ್ಮ ಮಕ್ಕಳಿಗೂ ನೋಡಲು ಹೇಳಿಕೊಡಿ. ಅವರು ತಮ್ಮ ಮಕ್ಕಳಿಗೆ ಹೇಳಲಿ. ಹಾಗೆ ಹೇಳುತ್ತ ಬಂದರೆ ಅದು ಶನಿವಾರದೊಳಗೆ ಈ ಊರಿಗೆ ತಲುಪೀತು.

ಇದನ್ನು ಮುಗಿಸುವಾಗ ಚೆಲುವಿ ಅಡುಗೆಮನೆಗೆ ಹೋಗಿ ತಾನೇ ಕಾಫಿ ಬಗ್ಗಿಸಿಕೊಂಡು ಬಲಗೈಯಲ್ಲಿ ಲೋಟ ಎತ್ತಿದಳು. "ಅಯ್ಯಪ್ಪಾ, ಸುಡುತ್ತೆ!" ಎಂದು ಕೂಗಿದಳು. ಎರಡು ದಿನದಲ್ಲಿ ನಾನು ಕೇಳಿದ ಒಳ್ಳೆಯ ಮಾತು ಅದೊಂದೇ.

ನಿಮ್ಮ
ಮುಕ್ತಾಮಣಿ