ಬಣ್ಣದ ಮುಖಕ್ಕೆ ಬಾಡಿಗೆ ಕೋಣೆ

ಅಕ್ಕಾ,

ಈ ಕರಾವಳಿಯ ಬೆವರಿಗಿಂತ ನಮ್ಮ ಗದಗಿನ ಒಣ ಬಿಸಿಲೇ ವಾಸಿ. ಅದೊಂದು ಬಿಟ್ಟರೆ ನಾನು ಕ್ಷೇಮ. ಕಾಪುವಿನಲ್ಲಿ ಕೋಣೆ ಸಿಕ್ಕಿತು, ಹೇಗೆಂದು ಕೇಳು.

ಮಣಿಪಾಲದ ಒಂದು ಪುಸ್ತಕದಂಗಡಿಯಲ್ಲಿ ಬೇಸಿಗೆಯ ಪ್ರತಿ ಭಾನುವಾರ ಹಾಡು, ಕಥೆ, ನಾಟಕ ಏನಾದರೊಂದು ಇರುತ್ತದೆ, ಎಲ್ಲವೂ ಪುಕ್ಕಟೆ. ಮೊನ್ನೆ ಯಕ್ಷಗಾನದ ಬಣ್ಣ ಹಚ್ಚುವುದನ್ನು ತೋರಿಸುತ್ತಿದ್ದರು. ಫ್ಯಾನಿನ ಗಾಳಿಗೆಂದು ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ವೇಷಧಾರಿ ಮುದ್ದಣ್ಣ, "ನಿಮ್ಮ ಮುಖದಲ್ಲಿ ಒಳ್ಳೆ ಜಾಗ ಉಂಟು, ಬನ್ನಿ" ಎಂದು ಕರೆದು ಕೂರಿಸಿ, ಕೆಂಪು, ಕಪ್ಪು ಬಳಿದು, ಅಕ್ಕಿಹಿಟ್ಟಿನಿಂದ ಮುಳ್ಳಿನಂಥ ಚುಕ್ಕಿಗಳನ್ನಿಟ್ಟು ನನ್ನನ್ನು ಪಕ್ಕಾ ರಾಕ್ಷಸನನ್ನಾಗಿ ಮಾಡಿದರು. ಅಷ್ಟರಲ್ಲಿ ಸಂಜೆಯಾಗಿತ್ತು. ಅಂದು ಕತ್ತಲಾಗುವುದರೊಳಗೆ ಬರದಿದ್ದರೆ ಕೋಣೆ ಬೇರೆಯವರಿಗೆ ಎಂದು ಕಾಪುವಿನ ಮನೆಯೊಡತಿ ಪ್ಯಾಟ್ರಿಶಿಯಾ ಬಾಯಿ ಮೊದಲೇ ಹೇಳಿದ್ದರು. ಎಣ್ಣೆ ತಿಕ್ಕಿ ಬಣ್ಣ ತೆಗೆಯುತ್ತ ಕೂತರೆ ಬಸ್ಸು ತಪ್ಪುತ್ತದೆಂದು ಹಾಗೆಯೇ ಓಡಿದೆ. ತುಂಬಿದ ಬಸ್ಸಿನಲ್ಲಿ ನನಗೆ ಇಡೀ ಸೀಟನ್ನೇ ಬಿಟ್ಟುಕೊಟ್ಟರು!

ಬಾಗಿಲು ತೆರೆದ ಪ್ಯಾಟ್ರಿಶಿಯಾ ಬಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆದರಿಸಿದರೆ ಬಾಡಿಗೆ ಕಡಿಮೆಯಾಗುವುದಿಲ್ಲ" ಎಂದರು. ನಡೆದದ್ದನ್ನೆಲ್ಲ ತೊದಲುತ್ತ ಹೇಳಿದೆ.

"ಹಿಂದಿನ ಬಾಡಿಗೆಯವ ಕುಡಿದು ಬರುತ್ತಿದ್ದ. ನೀವು ಬಣ್ಣ ಹಚ್ಚಿ ಬಂದದ್ದು ಮಾತ್ರ ಅಲ್ವಾ? ಕೀ ತೆಗೆದುಕೊಳ್ಳಿ ಮಾರಾಯ್ರೇ. ಗೋಡೆಗೆ ಮಾತ್ರ ಒರಗಬೇಡಿ, ಈಗಷ್ಟೇ ಸುಣ್ಣ ಹೊಡೆಸಿದ್ದು."

ಕೆನ್ನೆ ಇನ್ನೂ ತುರಿಸುತ್ತಿದೆ, ಮುಲಾಮು ತಂದಿದ್ದೇನೆ. ಅವ್ವನಿಗೆ ಕೋಣೆ ಸಿಕ್ಕಿತೆಂದಷ್ಟೇ ಹೇಳು. ಕಾರ್ಡಿನಲ್ಲಿ ಜಾಗ ತೀರಿತು.

ನಿನ್ನ ತಮ್ಮ,
ಶರಣಪ್ಪ